ಒಡಂಬಡಿಕೆಯೋ, ಜೀತದ ಪತ್ರವೋ?

ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ಜನವರಿ ಮೊದಲ ವಾರ ನಾವು ಹತ್ತಿಪ್ಪತ್ತು ಜನ ಸೇರಿ ಒಂದು ಅಧ್ಯಯನ ಶಿಬಿರ ಮಾಡಿದ್ದೆವು. ಮಾತು ಮುಗಿದು ಮುದ್ದೆ ಉಣ್ಣುವಾಗ ಪಿ.ಯು.ಸಿ. ಓದುವ ಒಬ್ಬ ಹುಡುಗ ನನ್ನ ಪಕ್ಕ ಬಂದು ಕೂತ. ಅವನ ಮನೆಯವರು ಮೆಥಡಿಸ್ಟ್ ಸಭೆಗೆ ಸೇರಿದವರು. "ಮೇಷ್ಟ್ರೇ, ಒಂದು ಕೇಳ್ತೀನಿ, ಬೈಬ್ಯಾಡಿ" ಅಂದ. "ಹೊಸ ವರ್ಷಕ್ಕೆ ಚರ್ಚಲ್ಲಿ ಒಡಂಬಡಿಕೆ ಆರಾಧನೆ ಮಾಡಿಸಿದ್ರು. ದೇವರು ನಮ್ಮನ್ನ ಎಲ್ಲಿ ಇಟ್ರೂ ಸರಿ, ಕೆಲಸಕ್ಕೆ ಹಚ್ಚಿದ್ರೂ ಸರಿ, ಮೂಲೇಲಿ ಕೂರ್ಸಿದ್ರೂ ಸರಿ ಅನ್ನೋ ಥರ ಎಲ್ರೂ ಹೇಳಿದ್ರು. ನಾನೂ ಹೇಳ್ದೆ. ಮನೆಗೆ ಬಂದ್ಮೇಲೆ ನಮ್ ತಾತ ಜೀತ ಇದ್ದದ್ದು ಜ್ಞಾಪಕ ಬಂತು. ಇದೂ ಅಂಗೇ ಅಲ್ವಾ? ದೇವರ ಹತ್ರ ಜೀತ ಬರ್ಕೊಟ್ಟಂಗೆ?"

ಆಗ ನನ್ನಲ್ಲಿ ಉತ್ತರ ಇರಲಿಲ್ಲ. "ಓದಿ ಹೇಳ್ತೀನಿ ಕಣಪ್ಪಾ" ಅಂದೆ. ಹಾಗೆ ಓದಿ ಬರೆದದ್ದು ಇದು. ನಾನು ಚರ್ಚಿಗೆ ಹೋಗುವವನಲ್ಲ, ಗುಡಿಗೂ ಹೋಗುವವನಲ್ಲ. ಆದರೆ ಆ ಹುಡುಗನ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಯಾಕಂದರೆ ಜೀತ ಅಂದರೆ ಏನು ಅಂತ ನಾನು ಪುಸ್ತಕದಿಂದ ಕಲಿತವನಲ್ಲ.

ನಮ್ಮಪ್ಪ ಹದಿನಾಲ್ಕು ವರ್ಷ ಜೀತಕ್ಕಿದ್ದ. ಅಜ್ಜನ ಕಾಯಿಲೆಗೆ ಅಂತ ತಂದ ಇನ್ನೂರು ರೂಪಾಯಿ ಸಾಲ. ಸಾಲ ತಂದ ರಾತ್ರಿ ಸಾಹುಕಾರರ ಜಗಲಿಯ ಕೆಳಗೆ ನಿಂತು ಅಪ್ಪ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಅದರಲ್ಲಿ ಏನು ಬರೆದಿತ್ತು ಅಂತ ಕೊನೇವರೆಗೂ ಅವನಿಗೆ ಗೊತ್ತಾಗಲಿಲ್ಲ. ಓದಿ ಹೇಳಿದವರೂ ಇಲ್ಲ. ಕಾಗದ ಸಾಹುಕಾರರ ಪೆಟ್ಟಿಗೆ ಸೇರಿತು. ಬಡ್ಡಿ ದುಡಿಮೆಗೆ ವಜಾ, ಅಸಲು ಹಾಗೇ. ಅವನಾದ ಮೇಲೆ ನಾನು ಅದೇ ಕೊಟ್ಟಿಗೆಗೆ ಹೋಗಬೇಕು ಅನ್ನೋದು ಯಾರೂ ಹೇಳದೆ ಎಲ್ಲರಿಗೂ ಗೊತ್ತಿದ್ದ ಮಾತು.

ಈ ಕಾಗದದ ಲಕ್ಷಣಗಳನ್ನು ನೆನಪಿಟ್ಟುಕೊಳ್ಳಿ. ಒಂದು, ಹಸಿವಿನಲ್ಲಿ ಇರುವಾಗ ಬರೆಸಿಕೊಂಡದ್ದು. ಎರಡು, ಓದಲು ಬಾರದವನಿಗೆ ಓದಿ ಹೇಳದೆ ಒತ್ತಿಸಿಕೊಂಡದ್ದು. ಮೂರು, ಇಬ್ಬರ ನಡುವಿನದಾದರೂ ಕಟ್ಟುವುದು ಒಬ್ಬನನ್ನೇ. ನಾಲ್ಕು, ಅಪ್ಪನ ಹೆಬ್ಬೆಟ್ಟಿಗೆ ಮಗ ದುಡಿಯಬೇಕು. ಬೈಬಲ್ಲಿನ ಒಡಂಬಡಿಕೆಯನ್ನು ಈ ನಾಲ್ಕರ ಪಕ್ಕ ಇಟ್ಟು ನೋಡೋಣ.

*

ಮೊದಲು ಮಾತಿನ ವಿಚಾರ. ನಮ್ಮ ಕನ್ನಡ ಬೈಬಲ್ಲಿನ ಎರಡು ಭಾಗಗಳ ಹೆಸರೇ ಹಳೇ ಒಡಂಬಡಿಕೆ, ಹೊಸ ಒಡಂಬಡಿಕೆ. ಒಡಂಬಡು ಅಂದರೆ ಒಪ್ಪು, ಒಟ್ಟಾಗು. ಇಬ್ಬರು ಇಲ್ಲದೆ ಒಡಂಬಡಿಕೆ ಇಲ್ಲ. ಮೂಲದ ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಬೆರೀತ್' ಅನ್ನುತ್ತಾರೆ. ಬೆರೀತನ್ನು 'ಮಾಡಿದರು' ಅನ್ನುವ ಬದಲು 'ಕಡಿದರು' ಅನ್ನುವುದು ಅವರ ವಾಡಿಕೆ. ನಮ್ಮಲ್ಲಿ ಸಂಬಂಧ ಕಡಿಯುವುದು ಅಂದರೆ ಮುರಿಯುವುದು. ಅವರಲ್ಲಿ ಕಡಿದರೆ ಕಟ್ಟಿದ ಹಾಗೆ. ಕಾರಣ ಇದೆ. ಪ್ರಾಣಿಯನ್ನು ಎರಡು ಹೋಳು ಮಾಡಿ ಎದುರುಬದುರು ಇಟ್ಟು, ಮಾತು ಕೊಟ್ಟವನು ನಡುವೆ ಹಾದುಹೋಗಬೇಕು. ಮಾತು ತಪ್ಪಿದರೆ ನನಗೂ ಇದೇ ಗತಿ ಆಗಲಿ ಅಂತ ಅದರ ಅರ್ಥ.

ಹುಡುಗನ ಅನುಮಾನಕ್ಕೆ ಆಧಾರ ಇಲ್ಲದೆ ಇಲ್ಲ. 1954ರಲ್ಲಿ ಜಾರ್ಜ್ ಮೆಂಡೆನ್‌ಹಾಲ್ ಎಂಬ ಅಮೆರಿಕದ ವಿದ್ವಾಂಸ ಒಂದು ಹೋಲಿಕೆ ತೋರಿಸಿದ. ಹಳೆಯ ಹಿಟ್ಟೈಟ್ ಸಾಮ್ರಾಟರು ತಮ್ಮ ಸಾಮಂತರ ಜೊತೆ ಮಾಡಿಕೊಳ್ಳುತ್ತಿದ್ದ ಕರಾರುಗಳ ಕಟ್ಟಡವೂ ಸೀನಾಯಿ ಬೆಟ್ಟದ ಒಡಂಬಡಿಕೆಯ ಕಟ್ಟಡವೂ ಒಂದೇ ಥರ ಇವೆ ಅಂತ. ಮೊದಲು ದೊಡ್ಡ ದೊರೆ ತಾನು ಮಾಡಿದ ಉಪಕಾರ ಹೇಳುತ್ತಾನೆ. ಆಮೇಲೆ ಷರತ್ತು. ಆಮೇಲೆ ಸಾಕ್ಷಿಗಳು. ಕೊನೆಗೆ ಪಾಲಿಸಿದರೆ ಆಶೀರ್ವಾದ, ತಪ್ಪಿದರೆ ಶಾಪ. ಅಂದಮೇಲೆ ಇದು ಒಡೆಯ ಆಳಿಗೆ ಬರೆಸಿದ ಪತ್ರದ ಮಾದರಿಯೇ ಅಲ್ಲವೇ? ಮಾದರಿ ಅದೇ, ನಿಜ. ಆದರೆ ಅದೇ ಮಾದರಿಯ ಒಳಗೆ ಆ ಜನ ಏನು ತುಂಬಿದರು ಅನ್ನೋದರಲ್ಲಿ ವ್ಯತ್ಯಾಸ ಇದೆ.

ಮೊದಲನೆಯದು, ಯಾವುದು ಮುಂಚೆ ಯಾವುದು ಆಮೇಲೆ ಅನ್ನುವ ಮಾತು. ಐಗುಪ್ತ ದೇಶದಲ್ಲಿ ಇಟ್ಟಿಗೆ ಮಾಡುತ್ತಾ ಬಿಟ್ಟಿ ದುಡಿಯುತ್ತಿದ್ದ ಜನ ಅವರು. ದೇವರು ಅಲ್ಲಿಗೆ ಬಂದು, 'ಈ ಕಾಗದಕ್ಕೆ ಒತ್ತಿ, ಬಿಡಿಸ್ತೀನಿ' ಅನ್ನಲಿಲ್ಲ. ಮೊದಲು ಬಿಡುಗಡೆ, ಆಮೇಲೆ ಸೀನಾಯಿ. ಫರೋಹನ ಕೈಯಿಂದ ತಪ್ಪಿಸಿಕೊಂಡು, ಸಮುದ್ರ ದಾಟಿ, ಮರುಭೂಮಿಯಲ್ಲಿ ಸ್ವತಂತ್ರರಾಗಿ ನಿಂತ ಮೇಲೆ ಅವರನ್ನು ಕೇಳಲಾಯಿತು. ವಿಮೋಚನಕಾಂಡದ 24ನೇ ಅಧ್ಯಾಯ ನೋಡಿ: ಮೋಶೆ ಆ ನಿಬಂಧನೆಗಳನ್ನೆಲ್ಲ ಬರೆದು, ಜನರ ಕಿವಿಗೆ ಕೇಳುವಂತೆ ಓದುತ್ತಾನೆ. ಜನ ಒಪ್ಪಿದೆವು ಅನ್ನುತ್ತಾರೆ. ನಮ್ಮಪ್ಪನಿಗೆ ಯಾರೂ ಓದಿ ಹೇಳಲಿಲ್ಲ.

ಎರಡನೆಯದು ಇನ್ನೂ ವಿಚಿತ್ರ. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮ ಪ್ರಾಣಿಗಳನ್ನು ಕಡಿದು ಹೋಳು ಇಡುತ್ತಾನೆ. ಹೊತ್ತು ಮುಳುಗುತ್ತದೆ. ಅವನಿಗೆ ಗಾಢ ನಿದ್ದೆ. ಕತ್ತಲೆಯಲ್ಲಿ ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಆ ಬೆಂಕಿ ದೇವರ ಗುರುತು. ಅಬ್ರಹಾಮ ಹಾದುಹೋಗಲಿಲ್ಲ! ಅಂದರೆ ಶಾಪವನ್ನು ತಲೆ ಮೇಲೆ ಹೊತ್ತುಕೊಂಡವನು ಬಲಶಾಲಿ. ಸಾಹುಕಾರ ತಾನೇ ಜಗಲಿಯಿಂದ ಇಳಿದುಬಂದು, ಮಲಗಿರುವ ಆಳಿನ ಮುಂದೆ ಹೆಬ್ಬೆಟ್ಟು ಒತ್ತಿದ ಹಾಗೆ. ದೇವರಿದ್ದಾನೋ ಇಲ್ಲವೋ, ಆ ವಾದ ಬೇರೆ. ಆದರೆ ದೊಡ್ಡವನನ್ನು ಕಟ್ಟಿಹಾಕದ ಕರಾರು ಕರಾರೇ ಅಲ್ಲ ಅನ್ನುವ ಯೋಚನೆ ಎಷ್ಟು ಹಳೆಯದು ನೋಡಿ.

ಮೂರನೆಯದು, ಷರತ್ತುಗಳು ಏನು ಅನ್ನುವುದು. ಪೂಜೆ, ಬಲಿಯ ನಿಯಮಗಳು ಬೇಕಾದಷ್ಟಿವೆ. ಅವುಗಳ ನಡುವೆಯೇ ಈ ಮಾತುಗಳೂ ಇವೆ: ಬಡವನ ಹೊದಿಕೆ ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗುವ ಮುಂಚೆ ವಾಪಸು ಕೊಡು, ಅವನು ಚಳಿಯಲ್ಲಿ ಏನು ಹೊದೆಯಬೇಕು? ಕೂಲಿಯವನ ಕೂಲಿ ಅವತ್ತೇ ಕೊಡು. ಏಳನೇ ದಿನ ನಿನ್ನ ದಾಸಿಗೂ ಎತ್ತಿಗೂ ವಿಶ್ರಾಂತಿ. ಏಳನೇ ವರ್ಷ ದಾಸನನ್ನು ಬಿಟ್ಟುಬಿಡು, ಬರಿಗೈಯಲ್ಲಿ ಕಳಿಸಬೇಡ. ಕಣದಿಂದ ಧಾನ್ಯ, ಮಂದೆಯಿಂದ ಕುರಿ ಕೊಟ್ಟು ಕಳಿಸು. ಐವತ್ತನೇ ವರ್ಷ, ಜೂಬಿಲಿ ಸಂವತ್ಸರದಲ್ಲಿ, ಕೈತಪ್ಪಿದ ಹೊಲ ಮೊದಲಿನ ಕುಟುಂಬಕ್ಕೆ ವಾಪಸು. ಯಾಕೆಂದರೆ ಭೂಮಿ ಯಾರದೂ ಅಲ್ಲ, ದೇವರದು. ಶಾಶ್ವತವಾಗಿ ಮಾರುವ ಹಾಗಿಲ್ಲ.

ಕೊನೆಯ ಮಾತು ಕೇಳಿ ನಮ್ಮ ಭಾಗದ ಹೋರಾಟಗಾರರಿಗೆ ಒಂದು ಕಾಯ್ದೆ ನೆನಪಾಗಬೇಕು. ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಬೇರೆಯವರು ಬರೆಸಿಕೊಂಡಿದ್ದರೆ ಆ ವ್ಯವಹಾರ ರದ್ದು, ಜಮೀನು ವಾಪಸು ಅನ್ನುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ನೂರು ರೂಪಾಯಿಗೋ ಎರಡು ಮೂಟೆ ರಾಗಿಗೋ ಹೋದ ಜಮೀನು ಅದು. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕಿತ್ತು ಅಂದಿತು. ಅದನ್ನು ತೋರಿಸಿ ಎಷ್ಟೋ ಅರ್ಜಿಗಳನ್ನು ತಡವಾಯಿತು ಅಂತ ವಜಾ ಮಾಡಿದರು. ನಮ್ಮ ಜನ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಕಿತ್ತುಕೊಂಡದ್ದಕ್ಕೆ ಕಾಲ ಕಳೆದರೆ ಹಕ್ಕು ಬರುವುದಿಲ್ಲ ಅನ್ನುವುದೇ ಜೂಬಿಲಿಯ ತಿರುಳು.

ನಾಲ್ಕನೆಯದು, ಮಗನ ಮಾತು. ಧರ್ಮೋಪದೇಶಕಾಂಡದಲ್ಲಿ ಮೋಶೆ, ಈ ಒಡಂಬಡಿಕೆ ಆಗಿಹೋದ ಪಿತೃಗಳ ಜೊತೆ ಮಾಡಿದ್ದಲ್ಲ, ಇವತ್ತು ಇಲ್ಲಿ ಜೀವಂತ ನಿಂತಿರುವ ನಮ್ಮ ಜೊತೆ ಅನ್ನುತ್ತಾನೆ. ಅವನ ನಂತರ ಬಂದ ಯೆಹೋಶುವ ಶೆಕೆಮಿನಲ್ಲಿ ಜನರನ್ನೆಲ್ಲ ಸೇರಿಸಿ, ಯಾರನ್ನು ಸೇವಿಸಬೇಕೋ ಇವತ್ತೇ ಆರಿಸಿಕೊಳ್ಳಿ ಅನ್ನುತ್ತಾನೆ. ಪ್ರತಿ ತಲೆಮಾರನ್ನೂ ಹೊಸದಾಗಿ ಕೇಳಬೇಕು. ಜೀತ ತಂತಾನೇ ಮಗನಿಗೆ ಬರುತ್ತದೆ. ಒಡಂಬಡಿಕೆ ಹಾಗೆ ಬರುವುದಿಲ್ಲ.

*

ಇದೆಲ್ಲ ಬೇರೆ ದೇಶದ ಕಥೆ, ನಮ್ಮ ಹಳ್ಳಿಗೇನು ಅನ್ನಬಹುದು. ನಮ್ಮ ಹಳ್ಳಿಗೂ ದೇವರ ಜೊತೆ ಕರಾರು ಇದೆ. ನಮ್ಮ ಅವ್ವ ಮುನೇಶ್ವರನಿಗೆ ಹರಕೆ ಹೊರುತ್ತಿದ್ದಳು: 'ಮಗೂಗೆ ಜ್ವರ ಬಿಡ್ಲಿ, ಕೋಳಿ ಕೊಡ್ತೀನಿ.' ಅದು ಒಬ್ಬ ತಾಯಿಯ ಸಂಕಟ. ಅದನ್ನು ಹೀಯಾಳಿಸುವವನು ನಾನಲ್ಲ. ಆದರೆ ಹರಕೆಯಲ್ಲಿ ಊರಿನ ನ್ಯಾಯದ ಮಾತು ಇಲ್ಲ. ಜ್ವರ ಬಿಟ್ಟರೂ ಕೂಲಿ ಅಷ್ಟೇ, ಲೋಟ ಬೇರೆಯೇ.

ಇನ್ನು ಊರೊಟ್ಟಿನ ಕರಾರು. ಜಾತ್ರೆಯಲ್ಲಿ ಯಾರು ತಮಟೆ ಬಡಿಯಬೇಕು, ಯಾರು ತೇರು ಮುಟ್ಟಬೇಕು, ಯಾರು ದೂರ ನಿಲ್ಲಬೇಕು ಅನ್ನೋದು ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಏನಾಯಿತು? ದಲಿತ ಕೇರಿಯ ಒಬ್ಬ ಬಾಲಕ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಪೊಲೀಸ್ ಕೇಸಾಯಿತು, ಪತ್ರಿಕೆಯಲ್ಲಿ ಬಂತು. ಆ ಮನೆಯವರು ಗೋಡೆಯ ಮೇಲೆ ಅಂಬೇಡ್ಕರ್ ಚಿತ್ರ ಇಟ್ಟುಕೊಂಡರು. ಆ ದೇವರ ಜೊತೆಗಿನ ಕರಾರಿನಲ್ಲಿ ಆ ಹುಡುಗ ಒಪ್ಪಿದೆ ಅಂತ ಹೇಳಿದವನಲ್ಲ. ಅವನನ್ನು ಯಾರೂ ಕೇಳಿಯೂ ಇಲ್ಲ. ಹುಟ್ಟುವಾಗಲೇ ಅವನ ಹೆಬ್ಬೆಟ್ಟು ಒತ್ತಿ ಆಗಿತ್ತು.

*

ನನ್ನನ್ನು ಬಹಳ ಕಾಡಿದ್ದು ಯೆರೆಮೀಯನ ಪುಸ್ತಕದ 34ನೇ ಅಧ್ಯಾಯ. ಕ್ರಿಸ್ತ ಹುಟ್ಟುವ ಸುಮಾರು ಆರು ನೂರು ವರ್ಷ ಹಿಂದಿನ ಮಾತು. ಬಾಬೆಲಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಹೆದರಿದ ಅರಸ ಚಿದ್ಕೀಯ ಜನರ ಜೊತೆ ಒಂದು ಒಡಂಬಡಿಕೆ ಮಾಡುತ್ತಾನೆ: ಪ್ರತಿಯೊಬ್ಬರೂ ತಮ್ಮ ಹೀಬ್ರೂ ದಾಸದಾಸಿಯರನ್ನು ಬಿಟ್ಟುಬಿಡಬೇಕು. ಕರುವನ್ನು ಹೋಳು ಮಾಡಿ ನಡುವೆ ಹಾದುಹೋಗಿ ಮಾತು ಕೊಡುತ್ತಾರೆ. ಬಿಡುತ್ತಾರೆ ಕೂಡ. ಅಷ್ಟರಲ್ಲಿ ಐಗುಪ್ತದ ಸೈನ್ಯ ಬರುತ್ತಿದೆ ಅಂತ ಬಾಬೆಲಿನವರು ಮುತ್ತಿಗೆ ಸಡಿಲಿಸುತ್ತಾರೆ. ಭಯ ಹೋಯಿತು ನೋಡಿ, ಬಿಟ್ಟವರನ್ನೆಲ್ಲ ಮತ್ತೆ ಹಿಡಿದುತಂದು ದಾಸರನ್ನಾಗಿ ಮಾಡಿಕೊಳ್ಳುತ್ತಾರೆ!

ಯೆರೆಮೀಯ ಸಿಡಿದೇಳುತ್ತಾನೆ. ದೇವರ ಹೆಸರಲ್ಲಿ ಅವನು ಹೇಳುವುದರ ತಾತ್ಪರ್ಯ ಇಷ್ಟು: ನೀವು ನಿಮ್ಮವರಿಗೆ ಬಿಡುಗಡೆ ಸಾರಲಿಲ್ಲ, ಈಗ ನಾನು ನಿಮ್ಮನ್ನು ಕತ್ತಿಗೂ ರೋಗಕ್ಕೂ ಬರಕ್ಕೂ ಬಿಡುಗಡೆ ಮಾಡುತ್ತೇನೆ, ಆ ಕರುವಿನ ಗತಿಯೇ ನಿಮಗೆ. ಸ್ವಲ್ಪ ಕಾಲದಲ್ಲೇ ನಗರ ಬಿತ್ತು. ಇಲ್ಲಿ ದೇವರ ಒಡಂಬಡಿಕೆ ಮುರಿಯುವುದು ಅಂದರೆ ಪೂಜೆ ತಪ್ಪಿಸುವುದಲ್ಲ. ಬಿಟ್ಟ ಆಳನ್ನು ಮತ್ತೆ ಹಿಡಿದು ತರುವುದು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನಮ್ಮಪ್ಪನಿಗೂ ಇದೇ ಆಗಿತ್ತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಜೀತದ ಸಾಲ ಎಲ್ಲ ವಜಾ, ಇದ್ದ ಗುಡಿಸಲಿಂದ ಯಾರನ್ನೂ ಒಕ್ಕಲೆಬ್ಬಿಸುವ ಹಾಗಿಲ್ಲ ಅಂತ ಕಾನೂನು. ಊರಲ್ಲಿ ತಮಟೆ ಬಡಿಸಿದರು. ತಮಟೆ ಬಡಿದದ್ದೂ ಜೀತಕ್ಕಿದ್ದವನೇ. ಅಪ್ಪ ಆ ಸಂಜೆ ಕೊಟ್ಟಿಗೆ ಬಿಟ್ಟು ಮನೆಗೆ ಬಂದ. ಅವ್ವ ದೀಪ ಹಚ್ಚಿದಳು. ಎರಡು ತಿಂಗಳು ಕಳೆಯಿತು. ಊರಲ್ಲಿ ಯಾರೂ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಸಾಲ ಇಲ್ಲ. ಹೊಲದ ದಾರಿ ಬಂದ್. ಬೇಸಗೆ ಹೊತ್ತಿಗೆ ಅಪ್ಪ ತಾನಾಗಿ ಎದ್ದು ಅದೇ ಕೊಟ್ಟಿಗೆಗೆ ಹೋದ. ಯಾರೂ ಹಗ್ಗ ಹಾಕಿ ಎಳೆದುಕೊಂಡು ಹೋಗಲಿಲ್ಲ. ಕಾನೂನಿನ ಪ್ರಕಾರ ಅವನು ಸ್ವತಂತ್ರ. ಅವನ ಕೈಗೆ ಕಣದ ಧಾನ್ಯವನ್ನೂ ಮಂದೆಯ ಕುರಿಯನ್ನೂ ಯಾರೂ ಕೊಟ್ಟಿರಲಿಲ್ಲ. ಬರಿಗೈಯಲ್ಲಿ ಕಳಿಸಬೇಡ ಅಂತ ಬರೆದವನಿಗೆ ಇದು ಗೊತ್ತಿತ್ತು.

ಅಪ್ಪ ನಿಜವಾಗಿ ಬಿಡುಗಡೆಯಾದದ್ದು ಅದರ ಮುಂದಿನ ವರ್ಷ. ಕೇರಿಯ ಒಂಬತ್ತು ಮನೆಯವರು ಒಂದು ರಾತ್ರಿ ಹುಣಸೆ ಮರದ ಕೆಳಗೆ ಕೂತು ಮಾತಾಡಿಕೊಂಡರು. ಒಬ್ಬನನ್ನೂ ಕೊಟ್ಟಿಗೆಗೆ ಹೋಗಗೊಡಬಾರದು. ಒಬ್ಬನ ಮನೆಯಲ್ಲಿ ರಾಗಿ ಮುಗಿದರೆ ಎಂಟು ಮನೆಯವರು ಬೊಗಸೆ ಬೊಗಸೆ ಹಾಕಬೇಕು. ಕೆರೆ ಕೆಲಸಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಹೋದರೆ ಒಟ್ಟಿಗೆ ಹೋಗಬೇಕು. ಕಾಗದ ಇಲ್ಲ, ಹೆಬ್ಬೆಟ್ಟು ಇಲ್ಲ. ಹೆಂಗಸರೂ ಕೂತಿದ್ದರು. ರಾಗಿ ಎಷ್ಟಿದೆ ಅಂತ ಗೊತ್ತಿದ್ದದ್ದು ಅವರಿಗೇ. ಆ ಮಾತನ್ನು ಅವರು ಉಳಿಸಿಕೊಂಡರು. ನಾನು ಇಸ್ಕೂಲಿಗೆ ಹೋದದ್ದು ಆ ಮಾತಿನ ಮೇಲೆ.

ನಾನು ಓದಿದ್ದರಲ್ಲಿ ಸೀನಾಯಿ ಬೆಟ್ಟಕ್ಕೆ ಹತ್ತಿರದ ಜಾಗ ಅಂದರೆ ಆ ಹುಣಸೆ ಮರ. ಫರೋಹನಿಂದ ತಪ್ಪಿಸಿಕೊಂಡ ಜನ ಮರುಭೂಮಿಯಲ್ಲಿ ಹಸಿವಾದಾಗ ಐಗುಪ್ತದ ಮಾಂಸದ ಮಡಕೆ ನೆನೆದು ಅತ್ತರಂತೆ. ವಾಪಸು ಹೋಗೋಣ ಅಂದರಂತೆ. ಬಿಡುಗಡೆ ಒಂದು ದಿನದ ಕೆಲಸ. ವಾಪಸು ಹೋಗದಂತೆ ಒಬ್ಬರನ್ನೊಬ್ಬರು ಹಿಡಿದುಕೊಂಡಿರುವುದು ಎಷ್ಟೋ ವರ್ಷದ ಕೆಲಸ. ಒಡಂಬಡಿಕೆ ಬೇಕಾಗುವುದು ಅದಕ್ಕೆ.

*

ಇಷ್ಟು ಹೊಗಳಿ ನಿಲ್ಲಿಸಿದರೆ ನಾನು ಆ ಹುಡುಗನಿಗೆ ಮೋಸ ಮಾಡಿದ ಹಾಗೆ. ಆ ಪುಸ್ತಕದಲ್ಲೇ ಇನ್ನೊಂದು ಮುಖ ಇದೆ. ಅಬ್ರಹಾಮನಿಗೆ ಕೊಟ್ಟ ಮಾತಿನ ನೆಲ ಖಾಲಿ ನೆಲ ಅಲ್ಲ. ಅಲ್ಲಿ ಕಾನಾನ್ಯರು ಇದ್ದರು. ಒಬ್ಬರಿಗೆ ಒಡಂಬಡಿಕೆ, ಇನ್ನೊಬ್ಬರಿಗೆ ಕತ್ತಿ. ಹೀಬ್ರೂ ದಾಸನಿಗೆ ಏಳನೇ ವರ್ಷ ಬಿಡುಗಡೆ, ಪರದೇಶದ ದಾಸ ಮಾತ್ರ ಮಕ್ಕಳ ಕಾಲಕ್ಕೂ ಆಸ್ತಿ ಅಂತ ಯಾಜಕಕಾಂಡದಲ್ಲೇ ಬರೆದಿದೆ. ಗಿಬ್ಯೋನ್ಯರ ಕಥೆ ನಮಗೆ ಇನ್ನೂ ಹತ್ತಿರದ್ದು. ಜೀವಭಯದಿಂದ ಅವರು ಹರಕು ಬಟ್ಟೆ ಹಾಕಿಕೊಂಡು ದೂರದವರ ಥರ ನಟಿಸಿ ಒಡಂಬಡಿಕೆ ಮಾಡಿಸಿಕೊಂಡರು. ಗುಟ್ಟು ರಟ್ಟಾದಾಗ ಯೆಹೋಶುವ ಅವರನ್ನು ಕೊಲ್ಲಲಿಲ್ಲ. ತಲೆಮಾರು ತಲೆಮಾರಿಗೂ ಕಟ್ಟಿಗೆ ಕಡಿಯುವವರು, ನೀರು ಹೊರುವವರು ಮಾಡಿದ. ಇದನ್ನು ಓದುವಾಗ ನಮ್ಮ ತೋಟಿ, ತಳವಾರ, ನೀರಗಂಟಿಯವರ ಮುಖ ಕಣ್ಮುಂದೆ ಬರದ ದಲಿತ ಯಾರಿದ್ದಾನೆ? ದೇವರ ಹೆಸರಲ್ಲಿ ಹುಟ್ಟಿನಿಂದ ಬರುವ ಚಾಕರಿ ಅಲ್ಲಿಯೂ ಇತ್ತು.

ಆದರೆ ಧರ್ಮೋಪದೇಶಕಾಂಡದ 29ನೇ ಅಧ್ಯಾಯದಲ್ಲಿ ಒಡಂಬಡಿಕೆಗೆ ಬಂದು ನಿಂತವರ ಪಟ್ಟಿ ಇದೆ: ಮುಖ್ಯಸ್ಥರು, ಹಿರಿಯರು, ಹೆಂಗಸರು, ಮಕ್ಕಳು, ಪಾಳೆಯದಲ್ಲಿದ್ದ ಪರದೇಶಿ, ಕಟ್ಟಿಗೆ ಕಡಿಯುವವನು, ನೀರು ತರುವವನು. ಅದೇ ಇಬ್ಬರು! ಒಂದು ಕಡೆ ಶಾಪಗ್ರಸ್ತ ಆಳುಗಳು, ಇನ್ನೊಂದು ಕಡೆ ಮುಖ್ಯಸ್ಥನ ಸಾಲಿನಲ್ಲೇ ನಿಂತು ಒಪ್ಪಿಗೆ ಕೊಡುವವರು. ಒಂದೇ ಗ್ರಂಥದೊಳಗೆ ಎರಡು ಪಕ್ಷ ಜಗಳವಾಡುತ್ತಿವೆ. ಅದರಲ್ಲಿ ಯಾವ ಪಕ್ಷಕ್ಕೆ ಸೇರಬೇಕು ಅಂತ ಓದುವವನು ತೀರ್ಮಾನ ಮಾಡಬೇಕು. ನೀರು ಹೊರುವವನ ಕಡೆಯಿಂದ ಓದಿದರೆ ಆ ಗ್ರಂಥ ಒಂದು ಥರ, ಯೆಹೋಶುವನ ಗುಡಾರದಿಂದ ಓದಿದರೆ ಇನ್ನೊಂದು ಥರ.

ಹೊಸ ಒಡಂಬಡಿಕೆಯಲ್ಲೂ ಈ ಜಗಳ ಮುಗಿದಿಲ್ಲ. ಯೇಸು ಕೊನೆಯ ರಾತ್ರಿ ಶಿಷ್ಯರ ಜೊತೆ ಒಂದೇ ರೊಟ್ಟಿ ಮುರಿದು, ಒಂದೇ ಬಟ್ಟಲು ಕೊಟ್ಟು, ಇದು ಹೊಸ ಒಡಂಬಡಿಕೆ ಅಂದ. ಒಂದೇ ಬಟ್ಟಲು! ಎರಡು ಲೋಟದ ಹೋಟೆಲುಗಳನ್ನು ಕಂಡ ನಮಗೆ ಅದರ ಅರ್ಥವನ್ನು ಪಾದ್ರಿಗಳು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಕುಡಿದು, ಇಲ್ಲದವರು ಹಸಿದು ಕೂರುವ ಹಾಗಾಗಿತ್ತು. ಇದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಬೈದು ಬರೆದ. ನಮ್ಮ ದೇಶದ ಎಷ್ಟೋ ಚರ್ಚುಗಳಲ್ಲಿ ಜಾತಿಗೊಂದು ಬೆಂಚು, ಜಾತಿಗೊಂದು ಸ್ಮಶಾನ ಇದ್ದದ್ದು ಗುಟ್ಟೇನಲ್ಲ. ಅತ್ತ ಸರ್ಕಾರದ 1950ರ ಆದೇಶ ದಲಿತ ಕ್ರೈಸ್ತನನ್ನು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ ದಲಿತರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಮ್ ದಲಿತರನ್ನು ಸೇರಿಸಲಿಲ್ಲ. ಚರ್ಚಿನ ಒಳಗೆ ಜಾತಿ ಹೋಗಲಿಲ್ಲ, ಕಾಗದದಲ್ಲಿ ಮಾತ್ರ ಹೋಯಿತು.

ಇನ್ನೂ ಕಷ್ಟದ ಪ್ರಶ್ನೆ ಒಂದಿದೆ. ನಮ್ಮ ಜಿಲ್ಲೆಯ ಈ ಸಭೆಗಳ ಬೇರು 1876-78ರ ಮಹಾಕ್ಷಾಮದಲ್ಲಿದೆ. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತ ಆ ಬರದಲ್ಲಿ ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ತಬ್ಬಲಿ ಮಕ್ಕಳನ್ನು ಸಾಕಿದಳು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು. ಇ.ಟಿ.ಸಿ.ಎಂ. ಆಸ್ಪತ್ರೆಯೂ ಆ ಮಿಷನ್ನಿನದೇ. ಹಸಿದ ಮಗುವಿಗೆ ಗಂಜಿ ಕೊಟ್ಟು ದೇವರ ಹೆಸರು ಹೇಳಿಸಿದರೆ ಅದು ಒಡಂಬಡಿಕೆಯೋ, ಜೀತವೋ? ಜೀತದ ಮೊದಲ ಲಕ್ಷಣ ಹಸಿವು ಅಂತ ನಾನೇ ಮೇಲೆ ಬರೆದಿದ್ದೇನೆ. ಆ ಮಗುವನ್ನು ಯಾರೂ ಕೇಳಲಿಲ್ಲ, ನಿಜ. ಆದರೆ ಅದೇ ಮಗುವಿಗೆ ಅಕ್ಷರ ಕಲಿಸಿದರು. ತನ್ನನ್ನು ಕಟ್ಟಿದ ಕಾಗದವನ್ನು ತಾನೇ ಓದುವ ಶಕ್ತಿ ಕೊಟ್ಟರು. ಸಾಹುಕಾರ ಎಂದೂ ಆ ಕೆಲಸ ಮಾಡಲಿಲ್ಲ. ಅವಳ ಮರಿಮಕ್ಕಳ ಕಾಲದ ಒಬ್ಬ ಹುಡುಗ ಇವತ್ತು 'ಇದು ಜೀತ ಅಲ್ವಾ' ಅಂತ ಕೇಳುತ್ತಿದ್ದಾನೆ ಅಂದರೆ, ಆ ಅಕ್ಷರ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ.

*

ಇನ್ನು ಸಾಕ್ಷಿಯ ಮಾತು. ಶೆಕೆಮಿನಲ್ಲಿ ಜನ ಒಪ್ಪಿದ ಮೇಲೆ ಯೆಹೋಶುವ ಒಂದು ದೊಡ್ಡ ಕಲ್ಲು ನಿಲ್ಲಿಸಿ, ಈ ಕಲ್ಲು ಎಲ್ಲ ಕೇಳಿಸಿಕೊಂಡಿದೆ, ಇದೇ ಸಾಕ್ಷಿ ಅಂದನಂತೆ. ಚಿಕ್ಕಂದಿನಲ್ಲಾದರೆ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. 2000ದ ಮಾರ್ಚ್ 11ರಂದು ಆಗ ನಮ್ಮ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಕೊಂದವರು ಯಾರೂ ಇಲ್ಲ. ತಿರುಗಿಬಿದ್ದವರನ್ನು ನಾನು ಬೈಯುವುದಿಲ್ಲ. ಅದೇ ಊರಲ್ಲಿ, ಅದೇ ದಾರಿಯಲ್ಲಿ ಬದುಕಬೇಕಾದವರು ಅವರು. ಆದರೆ ಹುಣಸೆ ಮರದ ಕೆಳಗಿನ ಮಾತಿನಂಥದ್ದು ಬಲವಾಗಿ ಇಲ್ಲದ ಕಡೆ ಮನುಷ್ಯ ಒಂಟಿಯಾಗುತ್ತಾನೆ. ಒಂಟಿಯಾದವನು ಸಾಕ್ಷಿ ನಿಲ್ಲಲಾರ. ಕಾನೂನಿನ ಒಡಂಬಡಿಕೆಗೆ ಕಾವಲು ಜನರ ಒಡಂಬಡಿಕೆ.

ಬರೆದದ್ದನ್ನು ಸುಡುವುದಂತೂ ಸುಲಭ. ಯೆರೆಮೀಯನ ಮಾತುಗಳ ಸುರುಳಿಯನ್ನು ಅರಸ ಯೆಹೋಯಾಕೀಮ ಚಳಿ ಕಾಯಿಸುತ್ತಾ ಕುಯ್ದು ಕುಯ್ದು ಬೆಂಕಿಗೆ ಹಾಕಿದ. ಯೆರೆಮೀಯ ಮತ್ತೆ ಹೇಳಿದ, ಬಾರೂಕ ಮತ್ತೆ ಬರೆದ. 2021ರ ಡಿಸೆಂಬರಿನಲ್ಲಿ ನಮ್ಮ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹೋಗುತ್ತಿದ್ದ ಕ್ರೈಸ್ತರ ಕೈಯಿಂದ ಧಾರ್ಮಿಕ ಪುಸ್ತಕಗಳನ್ನು ಕಿತ್ತು ಸುಟ್ಟರು. 'ನೀವೂ 1927ರಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟವರಲ್ಲವೇ?' ಅಂತ ಕೇಳುವವರಿದ್ದಾರೆ. ಹೌದು, ಸುಟ್ಟೆವು. ನಮ್ಮನ್ನು ಕಟ್ಟಿದ್ದ ಪತ್ರವನ್ನು ನಾವು ಸುಟ್ಟೆವು. ಇನ್ನೊಬ್ಬ ತಾನಾಗಿ ಒಪ್ಪಿ ಕೈಯಲ್ಲಿ ಹಿಡಿದಿದ್ದನ್ನು ಕಿತ್ತು ಸುಡುವುದು ಬೇರೆ. ಈ ಎರಡರ ನಡುವೆ ಇರುವ ದೂರ 25 ಡಿಸೆಂಬರ್ 1927ಕ್ಕೂ 2021ಕ್ಕೂ ಇರುವ ದೂರಕ್ಕಿಂತ ದೊಡ್ಡದು. ಅದೇ ಯೆರೆಮೀಯನೇ ಮುಂದೆ, ಒಡಂಬಡಿಕೆಯನ್ನು ಕಲ್ಲಿನ ಮೇಲಲ್ಲ, ಜನರ ಹೃದಯದಲ್ಲಿ ಬರೆಯುವ ಕಾಲ ಬರುತ್ತದೆ ಅಂತ ಆಸೆಪಟ್ಟ. ಸುಡುವವರನ್ನು ಕಂಡವನ ಆಸೆ ಅದು.

ನಮಗೂ ಎರಡು ಒಡಂಬಡಿಕೆಗಳಿವೆ. ಒಂದು 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನ. ಅದರಲ್ಲಿ ದೇವರು ಕೊಟ್ಟ ಅಂತ ಇಲ್ಲ. ಜನ ತಮಗೆ ತಾವೇ ಕೊಟ್ಟುಕೊಂಡದ್ದು ಅಂತ ಇದೆ. ಇನ್ನೊಂದು 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರ ಬಾಯಲ್ಲಿ ಹೇಳಿಸಿದ 22 ಪ್ರತಿಜ್ಞೆ. ಅಲ್ಲಿಯೂ ದೇವರಿಲ್ಲ, ಒಬ್ಬರ ಮುಂದೊಬ್ಬರು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು. ಏಳು ವರ್ಷಕ್ಕೊಮ್ಮೆ ಗಂಡಸರು, ಹೆಂಗಸರು, ಮಕ್ಕಳು, ಪರದೇಶಿಗಳನ್ನೆಲ್ಲ ಸೇರಿಸಿ ಒಡಂಬಡಿಕೆ ಓದಬೇಕು ಅಂತ ಮೋಶೆ ಹೇಳಿದ್ದನಂತೆ. 2023ರ ಸೆಪ್ಟೆಂಬರ್ 15ರಂದು ಕರ್ನಾಟಕ ಸರ್ಕಾರ ಊರೂರಲ್ಲಿ ಸಂವಿಧಾನದ ಪೀಠಿಕೆ ಓದಿಸಿತು. ಒಳ್ಳೆಯದೇ. ಆದರೆ ಓದಿ ಮನೆಗೆ ಹೋಗಿ ಬೇರೆ ಲೋಟ ಇಟ್ಟರೆ ನಾವೂ ಚಿದ್ಕೀಯನ ಕಾಲದವರೇ: ಹೋಳುಗಳ ನಡುವೆ ಹಾದುಹೋದವರು, ಮುತ್ತಿಗೆ ಸಡಿಲಿದ ಕೂಡಲೇ ಮರೆತವರು.

*

ಆ ಹುಡುಗನಿಗೆ ನನ್ನ ಉತ್ತರ ಇದು.

ತಮ್ಮಾ, ನೀನು ಹೇಳಿದ ಆ ಪ್ರಾರ್ಥನೆ ಮೆಥಡಿಸ್ಟರಿಗೆ ಬಂದದ್ದು ಜಾನ್ ವೆಸ್ಲಿಯಿಂದ. 1755ರಲ್ಲಿ ಅವನು ಈ ಒಡಂಬಡಿಕೆ ಆರಾಧನೆ ಶುರುಮಾಡಿದ. ಅದೇ ವೆಸ್ಲಿ 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ. ದೇವರಿಗೆ ತನ್ನನ್ನು ಪೂರ್ತಿ ಒಪ್ಪಿಸಿಕೊಂಡವನಿಗೆ ಮನುಷ್ಯನನ್ನು ಮಾರುವ ಮನುಷ್ಯನ ಮಾತು ಒಪ್ಪಿಕೊಳ್ಳಲು ಆಗಲಿಲ್ಲ. ಅದೇ ದೇವರ ಹೆಸರು ಹೇಳಿಕೊಂಡೇ ಗುಲಾಮರನ್ನು ಇಟ್ಟುಕೊಂಡವರೂ ಸಾವಿರಾರು ಜನ ಇದ್ದರು. ಆದ್ದರಿಂದ ಪ್ರಾರ್ಥನೆಯ ಮಾತು ನೋಡಿ ತೀರ್ಮಾನ ಮಾಡಬೇಡ. ನಾಲ್ಕು ಪ್ರಶ್ನೆ ಕೇಳು. ನಿನಗೆ ಓದಿ ಹೇಳಿದರಾ? ಇಲ್ಲ ಅನ್ನಲು ಬಿಟ್ಟರಾ? ಬಲವಾದವನನ್ನೂ ಅದು ಕಟ್ಟುತ್ತದಾ? ಅದಕ್ಕೆ ಒಪ್ಪಿದ ಮೇಲೆ ಪಕ್ಕದವನ ರಾಗಿ ಮುಗಿದದ್ದು ನಿನಗೆ ತಿಳಿಯುತ್ತದಾ? ನಾಲ್ಕಕ್ಕೂ ಹೌದು ಅಂತ ಬಂದರೆ ಹೋಗಿ ಧೈರ್ಯವಾಗಿ ಹೇಳು, ನಾನು ಅಡ್ಡ ಬರುವುದಿಲ್ಲ. ಒಂದಕ್ಕೆ ಇಲ್ಲ ಅಂತ ಬಂದರೂ ಅದರ ಮೇಲೆ ಯಾರ ಹೆಸರಿದ್ದರೂ ಸರಿ, ದೇವರದಾಗಲಿ, ದೇಶದ್ದಾಗಲಿ, ನಮ್ಮ ಸಂಘಟನೆಯದಾಗಲಿ, ಅದು ಜೀತದ ಪತ್ರ. ಹರಿದುಹಾಕು.

ನಮ್ಮ ಸಂಘಟನೆ ಅಂತ ಬೇಕಂತಲೇ ಬರೆದಿದ್ದೇನೆ. ನಾವೂ ಎಷ್ಟೋ ಹುಡುಗರ ಕೈಲಿ ಘೋಷಣೆ ಕೂಗಿಸಿದ್ದೇವೆ, ಅವರನ್ನು ಕೇಳಿಲ್ಲ. ನಾಯಕರನ್ನು ಕಟ್ಟುವ ಷರತ್ತು ಬರೆದಿಲ್ಲ. ಅದಕ್ಕೇ ಒಡೆದು ಹೋಳಾಗಿದ್ದೇವೆ, ಆ ಕರುವಿನ ಹಾಗೆ.

ಹುಣಸೆ ಮರ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕಡಿದರು. ಅವತ್ತು ಅಲ್ಲಿ ಕೂತಿದ್ದವರಲ್ಲಿ ಇಬ್ಬರು ಹೆಂಗಸರು ಇನ್ನೂ ಬದುಕಿದ್ದಾರೆ. ಹೋದ ತಿಂಗಳು ಒಬ್ಬಾಕೆಯನ್ನು ಕೇಳಿದೆ: "ಅವತ್ತು ದೇವರ ಮೇಲೆ ಆಣೆ ಇಟ್ರಾ ಅಜ್ಜೀ?" ಆಕೆ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಆಣೆ ಯಾಕಪ್ಪಾ" ಅಂದಳು. "ಎಲ್ರೂ ಮನೇಲಿರೋ ರಾಗಿ ಎಷ್ಟೂ ಅಂತ ನಿಜ ಹೇಳುದ್ರು. ಅಷ್ಟೇ."